ಎಲುಬಿನ ಗುಳಿಗೆಗೆ ಯಾವ ಕಂಪನಿ?

ಬೆಳಗಾವಿಯ ದೊಡ್ಡ ಡಾಕ್ಟರು ಬರೆದ ಚೀಟಿಯ ಔಷಧವೆಲ್ಲ ಬೆಳಗಾವಿಯಲ್ಲೇ ಮಾರಾಟವಾಗುವುದಿಲ್ಲ. ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲಿ ಹದಿನೈದು ದಿನಕ್ಕಾಗುವಷ್ಟು ಕೊಂಡು, ಉಳಿದದ್ದನ್ನು ಊರ ಹಾದಿಯಲ್ಲಿ ನೋಡಿದರಾಯಿತೆಂದು ಮಂದಿ ಖಾನಾಪುರದ ಬಸ್ಸು ಹತ್ತುತ್ತಾರೆ. ಮೂರನೇ ಗೇಟು, ಉದ್ಯಮಬಾಗ ದಾಟಿ ಪೀರನವಾಡಿ ಬಂತೆಂದರೆ ದಾರಿ ಎರಡಾಗುತ್ತದೆ. ಒಂದು ಮಚ್ಛೆ, ದೇಸೂರು ಹಿಡಿದು ಖಾನಾಪುರಕ್ಕೆ. ಇನ್ನೊಂದು ಜಾಂಬೋಟಿ, ಕಣಕುಂಬಿಯ ಕಾಡಿನ ಕಡೆಗೆ. ಇಂಥ ಕೂಡುದಾರಿಯ ಮೆಡಿಕಲ್ ಅಂಗಡಿಯಲ್ಲಿ ನಿಂತರೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: “ಅಣ್ಣಾ, ಇದರಾಗ ಸಸ್ತಾದ್ದು ಐತೇನ್ರಿ?”

ಕೇಳುವವರು ಹೆಚ್ಚಾಗಿ ಮಗಳು ಅಥವಾ ಸೊಸೆ. ಔಷಧ ಮನೆಯಲ್ಲಿರುವ ಆಯಿಗೆ. ಅಂಗಳದಲ್ಲಿ ಜಾರಿ ಮುಂಗೈ ಮುರಿದಿತ್ತು, ಎಕ್ಸ್‌ರೇ ನೋಡಿದ ಡಾಕ್ಟರು ಎಲುಬು ಟೊಳ್ಳಾಗಿದೆ ಎಂದರು, ವಾರಕ್ಕೊಂದು ಗುಳಿಗೆ, ದಿನಾ ಕ್ಯಾಲ್ಶಿಯಂ, ವಾರಕ್ಕೊಂದು ವಿಟಮಿನ್ ಡಿ ಪುಡಿ ಬರೆದರು. ಬಿಪಿ, ಶುಗರಿನ ಗುಳಿಗೆ ಮೊದಲಿನಿಂದ ಇದ್ದೇ ಇವೆ. ಎಲುಬಿನ ಔಷಧ ನಿಲ್ಲಿಸಿದರೆ ನಾಳೆಯೇ ಏನೂ ಆಗುವುದಿಲ್ಲ, ನೋವೂ ಹೆಚ್ಚುವುದಿಲ್ಲ. ಹಾಗಾಗಿ ಮನೆಯ ಖರ್ಚು ಬಿಗಿಯಾದಾಗ ಪಟ್ಟಿಯಿಂದ ಮೊದಲು ಬಿಟ್ಟುಹೋಗುವುದು ಇದೇ.

ಅಂಗಡಿಯವನು ಕೊಡುವ ಉತ್ತರ ಸಾಮಾನ್ಯವಾಗಿ ಅಡ್ಡಗೋಡೆಯ ಮೇಲಿನ ದೀಪ. “ಐತ್ರಿ ಅಕ್ಕಾರ, ಆದ್ರ ಡಾಕ್ಟ್ರು ಬರದಿದ್ದು ಇದು.” ಅವನನ್ನು ಬೈದು ಉಪಯೋಗವಿಲ್ಲ. ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಯ ಔಷಧವನ್ನು ಡಾಕ್ಟರು ಒಂದು ಹೆಸರಿನಿಂದ ಬರೆದರೆ, ಅದೇ ರಾಸಾಯನಿಕವಿರುವ ಬೇರೆ ಹೆಸರಿನದನ್ನು ಅಂಗಡಿಯವನು ತಾನಾಗಿ ಬದಲಿಸಿ ಕೊಡುವಂತಿಲ್ಲ ಎಂದು ನಮ್ಮ ಔಷಧ ನಿಯಮಗಳಲ್ಲಿದೆ. ಬದಲಿಸಿ ಕೊಡುವವರು ಇದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕಾನೂನು ಅವರ ಬೆನ್ನಿಗಿಲ್ಲ. ಹಾಗಾದರೆ ಪ್ರಶ್ನೆ ಕೇಳಬೇಕಾದ ಜಾಗ ಅಂಗಡಿಯ ಕಟ್ಟೆಯಲ್ಲ, ಡಾಕ್ಟರ ಕೋಣೆ. ಕೇಳುವ ಮೊದಲು ಗೊತ್ತಿರಬೇಕಾದ ಕೆಲವು ಸಂಗತಿಗಳಿವೆ.

ವಾರಕ್ಕೊಂದು ನುಂಗುವ ಆ ಗುಳಿಗೆ ಬಹುಪಾಲು ಅಲೆಂಡ್ರೊನೇಟ್, 70 ಮಿಲಿಗ್ರಾಂ. ಇಟಲಿಯ ಪೀಸಾದ ಇಸ್ಟಿಟುಟೊ ಜೆಂಟಿಲಿ ಎಂಬ ಸಂಸ್ಥೆಯಿಂದ ಅಮೆರಿಕದ ಮರ್ಕ್ ಕಂಪನಿ ಇದರ ಹಕ್ಕು ಪಡೆದು, ಫೋಸಮ್ಯಾಕ್ಸ್ ಎಂಬ ಹೆಸರಿನಲ್ಲಿ 1995ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. 1996ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಆಗಲೇ ಬೆನ್ನೆಲುಬು ಕುಸಿದಿದ್ದ 2,027 ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಇದನ್ನು ಕೊಟ್ಟು ಸುಮಾರು ಮೂರು ವರ್ಷ ನೋಡಿದರು. ಔಷಧ ಪಡೆದವರಲ್ಲಿ ಸೊಂಟದ ಕೀಲಿನ ಮುರಿತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಔಷಧದ ಹೆಸರು ಬೆಳೆದದ್ದು ಹೀಗೆ. ಅಮೆರಿಕದಲ್ಲಿ ಅದರ ಪೇಟೆಂಟು ಮುಗಿದು 2008ರಲ್ಲಿ ಬೇರೆ ಕಂಪನಿಗಳ ಗುಳಿಗೆಗಳು ಬಂದವು, ಬೆಲೆ ಕುಸಿಯಿತು. ಅಲ್ಲಿಯ ಮಂದಿಗೆ ‘ಬ್ರ್ಯಾಂಡೋ ಜೆನೆರಿಕ್ಕೋ’ ಎಂಬ ಪ್ರಶ್ನೆಗೆ ಸ್ಪಷ್ಟ ಅರ್ಥವಿತ್ತು: ಕಂಡುಹಿಡಿದ ಕಂಪನಿಯದೋ, ಆಮೇಲೆ ಬಂದವರದೋ.

ನಮ್ಮಲ್ಲಿ ಕತೆ ಬೇರೆ. 1970ರ ಪೇಟೆಂಟ್ ಕಾಯ್ದೆ 1972ರಲ್ಲಿ ಜಾರಿಗೆ ಬಂದಾಗ ಔಷಧಕ್ಕೆ ಪೇಟೆಂಟು ಕೊಡುವುದನ್ನು ಬಿಟ್ಟು, ತಯಾರಿಸುವ ವಿಧಾನಕ್ಕಷ್ಟೇ ಕೊಡತೊಡಗಿತು. ಬೇರೆ ವಿಧಾನದಿಂದ ಅದೇ ಔಷಧ ಮಾಡಲು ಯಾರದೂ ಅಡ್ಡಿಯಿರಲಿಲ್ಲ. ಔಷಧಕ್ಕೇ ಪೇಟೆಂಟು ಮರಳಿದ್ದು 2005ರಲ್ಲಿ. ಅದೂ 1995ರ ನಂತರ ಅರ್ಜಿ ಹಾಕಿದ ಹೊಸ ಔಷಧಗಳಿಗೆ. ಅಲೆಂಡ್ರೊನೇಟ್ 1980ರ ದಶಕದ ಸರಕು, ಆ ಲೆಕ್ಕಕ್ಕೇ ಬರಲಿಲ್ಲ. ಆದ್ದರಿಂದ ಬೆಳಗಾವಿಯ ಡಾಕ್ಟರು ಸಿಪ್ಲಾದ ಆಸ್ಟಿಯೋಫಾಸ್ ಬರೆದರೂ, ಇನ್ನೊಂದು ಕಂಪನಿಯ ಇನ್ನೊಂದು ಹೆಸರು ಬರೆದರೂ, ಅದೂ ಜೆನೆರಿಕ್ಕೇ. ಹೆಸರಿಟ್ಟು, ಡಬ್ಬಿಗೆ ಬಣ್ಣ ಹಚ್ಚಿ, ಡಾಕ್ಟರ ಬಾಗಿಲಿಗೆ ರೆಪ್ರೆಸೆಂಟೇಟಿವ್ ಕಳಿಸಿ ಮಾರಿದ ಜೆನೆರಿಕ್. “ನಮಗ ಜೆನೆರಿಕ್ ಬ್ಯಾಡ್ರಿ, ಒಳ್ಳೆ ಕಂಪನೀದು ಕೊಡ್ರಿ” ಎನ್ನುವವರು ಕೊಳ್ಳುತ್ತಿರುವುದೂ ಅದನ್ನೇ.

ಆ ಗುಳಿಗೆಯನ್ನು ತಯಾರಿಸಿದವರು ಯಾರೆಂದು ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ನೋಡಿದರೆ ಎಷ್ಟೋ ಸಲ ಹಿಮಾಚಲದ ಬದ್ದಿಯದೋ ಉತ್ತರಾಖಂಡದ್ದೋ ಬೇರೆಯೇ ಕಾರ್ಖಾನೆಯ ಹೆಸರಿರುತ್ತದೆ. ಪೀರನವಾಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಉದ್ಯಮಬಾಗದ ಫೌಂಡ್ರಿಯಲ್ಲಿ ಒಂದೇ ಕಡೆ ಎರಕ ಹೊಯ್ದ ಭಾಗ ಬೇರೆ ಬೇರೆ ಕಂಪನಿಯ ಮುದ್ರೆ ಹೊತ್ತು ಲಾರಿ ಹತ್ತುವುದನ್ನು ಅಲ್ಲಿ ದುಡಿಯುವವರು ದಿನಾ ನೋಡುತ್ತಾರೆ.

ಹೆಸರು ಬೇಡವೆಂದು ತೀರ್ಮಾನಿಸಿದವರಿಗೂ ಒಂದು ಎಚ್ಚರ ಬೇಕು. ‘ಜೆನೆರಿಕ್’ ಎಂದು ಬೋರ್ಡು ಹಾಕಿದ ಅಂಗಡಿಗಳೆಲ್ಲ ಒಂದೇ ಜಾತಿಯವಲ್ಲ. ಕಂಪನಿಗಳು ಡಾಕ್ಟರ ಹತ್ತಿರ ಹೋಗದೆ ನೇರವಾಗಿ ಅಂಗಡಿಗೇ ಮಾರುವ ಮಾಲೊಂದಿದೆ. ವ್ಯಾಪಾರದವರು ಅದನ್ನೂ ಜೆನೆರಿಕ್ ಎಂದೇ ಕರೆಯುತ್ತಾರೆ. ಅದರ ಮೇಲೆ ಅಚ್ಚಾದ ಎಂಆರ್‌ಪಿ ಹೆಸರುವಾಸಿ ಗುಳಿಗೆಯಷ್ಟೇ ಇರಬಹುದು, ಅಂಗಡಿಯವನಿಗೆ ಬಿದ್ದ ಬೆಲೆ ಅದರ ಸಣ್ಣ ಪಾಲು. ನಡುವಿನ ಲಾಭದಲ್ಲಿ ಗಿರಾಕಿಗೆ ಎಷ್ಟು ಬಿಟ್ಟುಕೊಡಬೇಕೆಂಬುದು ಅವನ ಮರ್ಜಿ. ‘ಶೇಕಡಾ 50 ಸೂಟ್’ ಎಂಬ ಬೋರ್ಡಿನ ಹಿಂದಿನ ಗಣಿತ ಇದು. ರಿಯಾಯಿತಿ ಎಷ್ಟೆಂದು ಕೇಳುವುದಕ್ಕಿಂತ ಕೊನೆಗೆ ಒಂದು ಗುಳಿಗೆಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಕೇಂದ್ರ ಸರಕಾರದ ಯೋಜನೆಯಾದ ಜನೌಷಧಿ ಕೇಂದ್ರದ ವ್ಯವಸ್ಥೆ ಬೇರೆ. ಮೊದಲ ಕೇಂದ್ರ 2008ರ ನವೆಂಬರಿನಲ್ಲಿ ಅಮೃತಸರದಲ್ಲಿ ತೆರೆಯಿತು. ಮೊದಲ ಕೆಲವು ವರ್ಷ ಕುಂಟುತ್ತಲೇ ನಡೆದ ಯೋಜನೆಗೆ ಜೀವ ಬಂದದ್ದು 2015ರ ನಂತರ. ಇಲ್ಲಿ ಡಬ್ಬಿಯ ಮೇಲೆ ಬ್ರ್ಯಾಂಡಿನ ಹೆಸರೇ ಇರುವುದಿಲ್ಲ, ಔಷಧದ ಹೆಸರಷ್ಟೇ. ಪೇಟೆಯ ಮೊದಲ ಮೂರು ಬ್ರ್ಯಾಂಡುಗಳ ಸರಾಸರಿ ಬೆಲೆಯ ಅರ್ಧವನ್ನು ಮೀರಬಾರದೆಂಬುದು ಅದರ ಬೆಲೆ ಕಟ್ಟುವ ಸೂತ್ರ. ಎಂಆರ್‌ಪಿ ಅಚ್ಚಾದಷ್ಟೇ, ಚೌಕಾಸಿಯಿಲ್ಲ.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ: ಅಗ್ಗದ್ದು ಅಷ್ಟೇ ಕೆಲಸ ಮಾಡುತ್ತದೆಯೇ?

ಎರಡು ಗುಳಿಗೆ ಸಮವೆಂದು ತೋರಿಸುವ ದಾರಿಯೆಂದರೆ ನುಂಗಿದ ಮೇಲೆ ರಕ್ತದಲ್ಲಿ ಎರಡೂ ಒಂದೇ ಬಗೆಯಲ್ಲಿ ಏರಿ ಇಳಿಯುತ್ತವೆಯೇ ಎಂದು ಅಳೆಯುವುದು. ಭಾರತದಲ್ಲಿ 2017ರಲ್ಲಿ ಕೆಲವು ವರ್ಗದ ಔಷಧಗಳಿಗೆ ಈ ಪರೀಕ್ಷೆ ಕಡ್ಡಾಯವಾಯಿತು. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ವರ್ಗಗಳು ಅವು. ಅಲೆಂಡ್ರೊನೇಟ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆದರೆ ಕರುಳನ್ನು ದಾಟಿ ರಕ್ತಕ್ಕೆ ಸೇರಲು ಒದ್ದಾಡುತ್ತದೆ. ಆದ್ದರಿಂದ ಆ ಕಡ್ಡಾಯದ ಪಟ್ಟಿಯ ಹೊರಗೇ ಉಳಿಯುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಈ ವಿನಾಯಿತಿ ದೊಡ್ಡ ಹೆಸರಿನ ಗುಳಿಗೆಗೂ ಹೆಸರಿಲ್ಲದ ಗುಳಿಗೆಗೂ ಒಂದೇ ಎಂಬುದನ್ನು ಮರೆಯಬಾರದು.

ಅಲೆಂಡ್ರೊನೇಟ್ ರಕ್ತಕ್ಕೆ ಸೇರಲು ಎಷ್ಟು ಒದ್ದಾಡುತ್ತದೆಂದರೆ, ಖಾಲಿ ಹೊಟ್ಟೆಯಲ್ಲಿ ಎಲ್ಲ ನಿಯಮ ಪಾಲಿಸಿ ನುಂಗಿದರೂ ರಕ್ತಕ್ಕೆ ಸೇರುವುದು ಶೇಕಡಾ ಒಂದಕ್ಕೂ ಕಡಿಮೆ, ಸುಮಾರು 0.6. ಕಾಫಿ ಅಥವಾ ಕಿತ್ತಳೆ ರಸದ ಜೊತೆ ನುಂಗಿದರೆ ಆ ಚೂರಿನಲ್ಲೂ ಸುಮಾರು ಶೇಕಡಾ 60ರಷ್ಟು ಹೋಯಿತು. ನಾಷ್ಟಾ ಮಾಡಿ ಎರಡು ತಾಸಿನೊಳಗೆ ನುಂಗಿದರೆ ಸೇರುವುದು ಇಲ್ಲವೆನ್ನುವಷ್ಟು. ಕಂಪನಿಯ ಹೆಸರು ಬದಲಾದರೆ ಎಷ್ಟು ವ್ಯತ್ಯಾಸವಾದೀತೆಂದು ತಲೆ ಕೆಡಿಸಿಕೊಳ್ಳುವ ಮನೆಯಲ್ಲಿ ಆಯಿ ಗುಳಿಗೆಯನ್ನು ಮುಂಜಾನೆಯ ಚಹಾದ ಜೊತೆ ನುಂಗುತ್ತಿದ್ದರೆ, ಅತಿ ತುಟ್ಟಿಯ ಗುಳಿಗೆಯೂ ಬಹುಪಾಲು ಶೌಚಕ್ಕೇ ಹೋಗುತ್ತದೆ. ಹಾಲಂತೂ ಇನ್ನೂ ಕೆಟ್ಟದ್ದು. ಹಾಲಿನ ಕ್ಯಾಲ್ಶಿಯಂ ಈ ಔಷಧವನ್ನು ಹಿಡಿದುಕೊಂಡು ಕರುಳಲ್ಲೇ ಕೂರಿಸುತ್ತದೆ. ಎಲುಬಿಗೆ ಒಳ್ಳೆಯದೆಂದು ಎರಡನ್ನೂ ಒಟ್ಟಿಗೆ ಕೊಡುವ ಪ್ರೀತಿಯ ಸೊಸೆಯಂದಿರು ಬಹಳ ಮಂದಿ.

ಕ್ರಮ ಹೀಗಿದೆ. ವಾರದಲ್ಲಿ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಎದ್ದ ಕೂಡಲೆ, ಬಾಯಿಗೆ ಬೇರೇನೂ ಹಾಕುವ ಮೊದಲು, ಒಂದು ತುಂಬು ಲೋಟ ಸಾದಾ ನೀರಿನಲ್ಲಿ ಗುಳಿಗೆಯನ್ನು ಅಗಿಯದೆ, ಚೀಪದೆ ನುಂಗಬೇಕು. ಆಮೇಲೆ ಕನಿಷ್ಠ ಅರ್ಧ ತಾಸು ಮಲಗಬಾರದು. ಕೂತಿರಬಹುದು, ನಿಂತಿರಬಹುದು, ಅಂಗಳ ಗುಡಿಸಬಹುದು. ಆ ಅರ್ಧ ತಾಸು ಚಹಾ ಇಲ್ಲ, ಬೇರೆ ಗುಳಿಗೆಯೂ ಇಲ್ಲ. ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ಸಿಕ್ಕು ಹುಣ್ಣು ಮಾಡುವ ಭಯವಿದೆ. ನುಂಗಲು ತೊಂದರೆ ಇರುವವರು, ಅರ್ಧ ತಾಸು ನೆಟ್ಟಗೆ ಕೂರಲಾಗದವರು, ಮೂತ್ರಪಿಂಡ ಬಹಳ ಕುಗ್ಗಿದವರು ಇದನ್ನು ತೆಗೆದುಕೊಳ್ಳಬಾರದು. ಗೊತ್ತಾದ ದಿನ ಮರೆತರೆ ಮರುದಿನ ಬೆಳಿಗ್ಗೆ ಒಂದು ನುಂಗಿ, ಮುಂದಿನ ವಾರ ಹಳೆಯ ದಿನಕ್ಕೇ ಮರಳುವುದು. ಒಂದೇ ದಿನ ಎರಡು ಬೇಡ.

ಅಗ್ಗದ ಗುಳಿಗೆಯ ವಿರುದ್ಧ ಸಾಕ್ಷಿಯೇ ಇಲ್ಲವೆಂದಲ್ಲ. ಜರ್ಮನಿಯಿಂದ 2009ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಜೆನೆರಿಕ್ ಅಲೆಂಡ್ರೊನೇಟ್ ನುಂಗಿದವರಲ್ಲಿ ಹೊಟ್ಟೆಯ ತೊಂದರೆ ಹೆಚ್ಚಿತ್ತು, ನಡುವೆ ಬಿಟ್ಟವರೂ ಹೆಚ್ಚು ಎಂದು ಕಂಡಿತು. ಗುಳಿಗೆ ಬಾಯಲ್ಲೋ ಅನ್ನನಾಳದಲ್ಲೋ ಬೇಗ ಒಡೆದರೆ ಹೀಗಾಗಬಹುದು ಎಂಬ ವಾದವಿದೆ. ಆದರೆ ಅದು ಚೀಟಿ ಎತ್ತಿ ಸಮನಾಗಿ ಹಂಚಿ ಮಾಡಿದ ಪ್ರಯೋಗವಲ್ಲ, ಹಳೆಯ ದಾಖಲೆಗಳನ್ನು ತಿರುವಿ ನೋಡಿದ್ದು. ನನಗೆ ಅದರಿಂದ ತೆಗೆದುಕೊಳ್ಳಬಹುದೆನಿಸುವ ಮಾತು ಇಷ್ಟೇ: ಗುಳಿಗೆ ಬದಲಿಸಿದ ಮೇಲೆ ಎದೆಯುರಿ, ನುಂಗುವಾಗ ನೋವು ಶುರುವಾದರೆ ಸುಮ್ಮನಿರಬಾರದು, ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಅದು ತುಟ್ಟಿ ಗುಳಿಗೆಗೂ ಅನ್ವಯಿಸುವ ಮಾತೇ.

ಸರಕಾರಿ ಔಷಧದ ಮೇಲೆ ಜನಕ್ಕೆ ಅನುಮಾನ ಹುಟ್ಟಲು ಕಾರಣಗಳಿವೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಸಂಶಯ ಹೋದದ್ದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಖರೀದಿಸಿದ್ದ ಸಲೈನ್ ದ್ರಾವಣದ ಮೇಲೆ. ಆ ಸುದ್ದಿ ಓದಿದವರಿಗೆ ಅಗ್ಗದ್ದೆಂದರೆ ಕೈ ಹಿಂದೆ ಸರಿಯುವುದು ಸಹಜ. ಆದರೆ ಅದೇ ವರ್ಷ ಆಗಸ್ಟಿನ ತಪಾಸಣೆಯಲ್ಲಿ ಗುಣಮಟ್ಟವಿಲ್ಲದ್ದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪಟ್ಟಿ ಮಾಡಿದವುಗಳಲ್ಲಿ ಶೆಲ್‌ಕಾಲ್ 500ರ ಒಂದು ಬ್ಯಾಚೂ ಇತ್ತು. ದೇಶದಲ್ಲಿ ಅದಕ್ಕಿಂತ ಹೆಸರಾದ ಕ್ಯಾಲ್ಶಿಯಂ ಗುಳಿಗೆ ಯಾವುದು? ಆ ಮಾದರಿ ನಕಲಿ, ತಮ್ಮದಲ್ಲ ಎಂದು ಕಂಪನಿ ಹೇಳಿತು. ನಿಜವಿರಬಹುದು, ಹೆಸರಾದುದನ್ನೇ ಅಲ್ಲವೇ ನಕಲು ಮಾಡುವುದು? ಕಳಪೆ ಔಷಧ ಒಂದು ರೋಗ, ಅದಕ್ಕೆ ತಪಾಸಣೆ ಬಿಗಿಯಾಗಬೇಕು. ತುಟ್ಟಿ ಬೆಲೆ ಅದಕ್ಕೆ ಮದ್ದಲ್ಲ. ನಮ್ಮ ಕೈಯಲ್ಲಿರುವುದು ಬಿಲ್ಲು ಕೇಳಿ ಪಡೆಯುವುದು, ಬ್ಯಾಚ್ ನಂಬರು ಬಿಲ್ಲಿನಲ್ಲಿ ಬಂದಿದೆಯೇ ನೋಡುವುದು. ದೇಶದ 300 ಪ್ರಮುಖ ಬ್ರ್ಯಾಂಡುಗಳ ಮೇಲೆ 2023ರ ಆಗಸ್ಟಿನಿಂದ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಮ್ಮಗನ ಮೊಬೈಲಿನಲ್ಲಿ ತೋರಿಸಿದರೆ ಯಾರು, ಎಲ್ಲಿ, ಯಾವಾಗ ಮಾಡಿದ್ದು ಎಂದು ಹೇಳುತ್ತದೆ.

ಕ್ಯಾಲ್ಶಿಯಂ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಎಲುಬಿನ ಚೀಟಿಯಲ್ಲಿ ಹಣ ಸೋರುವುದು ಎಷ್ಟೋ ಸಲ ಅಲೆಂಡ್ರೊನೇಟಿನಿಂದಲ್ಲ, ಅದರ ಸುತ್ತಮುತ್ತಲಿನವುಗಳಿಂದ. ಸಾದಾ ಕ್ಯಾಲ್ಶಿಯಂ ಕಾರ್ಬೊನೇಟ್ ಮತ್ತು ವಿಟಮಿನ್ ಡಿ3 ಇರುವ ಗುಳಿಗೆ ಅಗ್ಗ. ಅದಕ್ಕೆ ಕ್ಯಾಲ್ಸಿಟ್ರಿಯಾಲ್, ವಿಟಮಿನ್ ಕೆ2, ಬೋರಾನ್, ಸತು, ಮೀನೆಣ್ಣೆ ಎಂದು ಒಂದೊಂದೇ ಸೇರಿಸುತ್ತ ಹೋದಂತೆ ಬೆಲೆ ಏರುತ್ತದೆ. ಮುರಿತ ಅಷ್ಟೇ ಕಡಿಮೆಯಾಗುತ್ತದೆಂಬ ಗಟ್ಟಿ ಪುರಾವೆಯಿಲ್ಲ. ಇಂಥ ಮಿಶ್ರಣ ಬರೆದಿದ್ದರೆ “ಸಾದಾದು ನಡೀತದೇನ್ರಿ ಸಾಹೇಬ್ರ?” ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ವಿಟಮಿನ್ ಡಿಯ 60,000 ಯೂನಿಟ್ಟಿನ ಪುಡಿ ವಾರಕ್ಕೊಮ್ಮೆಯದು. ದಿನಾ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ, ಆದ್ದರಿಂದ ಚೀಟಿಯಲ್ಲಿ ಎಷ್ಟು ವಾರವೆಂದು ಬರೆಸಿಕೊಳ್ಳಬೇಕು. ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಶಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ನೂರು ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಸಹ ಇಲ್ಲ, ಅಕ್ಕಿಯಲ್ಲಿ ಅದಕ್ಕಿಂತ ಕಡಿಮೆ. ರಾಗಿಯಲ್ಲಿ 364. ಖಾನಾಪುರದ ಗುಡ್ಡಗಾಡಿನ ಮಂದಿ ನಾಚಣಿ ಎಂದು ಬೆಳೆಯುತ್ತ ಬಂದದ್ದು ಅದೇ. ಈಗ ಅದನ್ನು ಪೇಟೆಯವರು ಹುಡುಕಿಕೊಂಡು ಬಂದು ಒಯ್ಯುತ್ತಾರೆ, ಬೆಳೆದವರ ಮನೆಯಲ್ಲಿ ರೇಷನ್ ಅಕ್ಕಿ ಬೇಯುತ್ತದೆ.

ಗುಳಿಗೆಯ ಶಿಸ್ತು ಆಗದವರಿಗೆ ಝೋಲೆಡ್ರೋನಿಕ್ ಆಸಿಡ್ ಇದೆ. ವರ್ಷಕ್ಕೊಂದೇ ಸಲ 5 ಮಿಲಿಗ್ರಾಂ, ಸಲೈನಿನಂತೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ಏರಿಸುವುದು. 7,765 ಮಹಿಳೆಯರ ಮೇಲಿನ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದರಿಂದ ಬೆನ್ನೆಲುಬಿನ ಮುರಿತ ಶೇಕಡಾ 70, ಸೊಂಟದ್ದು 41ರಷ್ಟು ಇಳಿಯಿತು. ಮೂಲತಃ ನೊವಾರ್ಟಿಸ್ ಕಂಪನಿಯದು. ಭಾರತೀಯ ಕಂಪನಿಗಳ ಜೆನೆರಿಕ್ ಬೇಕಾದಷ್ಟಿವೆ, ಬೆಲೆಯಲ್ಲಿ ಅಜಗಜಾಂತರ. ಮೊದಲ ಸಲದ ನಂತರ ಎರಡು ಮೂರು ದಿನ ಜ್ವರ, ಮೈಕೈನೋವು ಬರಬಹುದು. ಕೊಡುವ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿರಬೇಕು, ವಿಟಮಿನ್ ಡಿ ಸರಿಯಿರಬೇಕು. ಕಣಕುಂಬಿಯಿಂದಲೋ ಲೋಂಡಾದಿಂದಲೋ ಬರುವವರು ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನದ ಪಗಾರ ಎಲ್ಲ ಕೂಡಿಸಿ ಲೆಕ್ಕ ಹಾಕಿದರೆ ವರ್ಷಕ್ಕೊಂದು ಸೂಜಿಯೇ ಸೋವಿಯಾಗಬಹುದು.

ಟೆರಿಪ್ಯಾರಟೈಡ್ ದಿನಾ ಚುಚ್ಚಿಕೊಳ್ಳುವ ಸೂಜಿ. ಎಲಿ ಲಿಲ್ಲಿ ಕಂಪನಿ 2002ರಲ್ಲಿ ಫೋರ್ಟಿಯೋ ಎಂದು ತಂದದ್ದು; ಇಂಟಾಸ್‌ನ ಟೆರಿಫ್ರ್ಯಾಕ್‌ನಂಥ ದೇಸೀ ರೂಪಗಳಿವೆ. ಅಗ್ಗವೆಂದರೂ ಅಗ್ಗವಲ್ಲ, ಜೊತೆಗೆ ಫ್ರಿಜ್ಜಿನಲ್ಲೇ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವ ಜಾಂಬೋಟಿ ಕಡೆಯ ಹಳ್ಳಿಗೆ ಇದನ್ನು ಬರೆಯುವ ಮೊದಲು ಡಾಕ್ಟರು ಮನೆ ಎಲ್ಲಿ ಎಂದು ಕೇಳಬೇಕು. ಡೆನೊಸುಮ್ಯಾಬ್ ಆರು ತಿಂಗಳಿಗೊಮ್ಮೆಯ ಸೂಜಿ, ಅಮ್ಜೆನ್ ಕಂಪನಿಯ ಪ್ರೋಲಿಯಾ; ಅದಕ್ಕೂ ದೇಸೀ ರೂಪಗಳು ಬಂದಿವೆ. ಇದರಲ್ಲೊಂದು ಗುಂಡಿಯಿದೆ. ಅಲೆಂಡ್ರೊನೇಟ್ ಎಲುಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ, ಬಿಟ್ಟರೂ ಸ್ವಲ್ಪ ಕಾಲ ಕಾಯುತ್ತದೆ. ಡೆನೊಸುಮ್ಯಾಬ್ ಹಾಗಲ್ಲ. ಹಣ ಸಾಲದೆಂದು ನಡುವೆ ಬಿಟ್ಟರೆ ಎಲುಬು ವೇಗವಾಗಿ ಸವೆದು ಬೆನ್ನಿನ ಮಣಿಗಳು ಒಂದರ ಹಿಂದೊಂದು ಕುಸಿದ ಉದಾಹರಣೆಗಳಿವೆ. ಮುಂದುವರಿಸುವ ಶಕ್ತಿಯಿಲ್ಲದ ಮನೆಯಲ್ಲಿ ಇದನ್ನು ಶುರುಮಾಡದಿರುವುದೇ ಲೇಸು. ಶುರುಮಾಡಿದ್ದರೆ ನಿಲ್ಲಿಸುವಾಗ ಬೇರೆ ಔಷಧಕ್ಕೆ ದಾಟಿಸಲೇಬೇಕು.

ಇಷ್ಟೆಲ್ಲ ಹೇಳಿದ್ದು ನಿಜವಾಗಿ ಔಷಧ ಬೇಕಾದವರಿಗೆ. ಮೊಣಕಾಲು ನೋವು ಬಹುಪಾಲು ಕೀಲಿನ ಸವೆತ. ಅದಕ್ಕೂ ಈ ಗುಳಿಗೆಗೂ ಸಂಬಂಧವಿಲ್ಲ. ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ‘ಎಲುಬು ವೀಕ್’ ಎಂದು ಚೀಟಿ ಕೊಡುತ್ತಾರಲ್ಲ, ಅದನ್ನು ನೆಚ್ಚಿ ವರ್ಷಗಟ್ಟಲೆ ಔಷಧ ನುಂಗಬಾರದು. ಸಣ್ಣ ಬೀಳುವಿಕೆಗೇ ಎಲುಬು ಮುರಿದಿರಬೇಕು, ಇಲ್ಲವೆ ಸೊಂಟ, ಬೆನ್ನಿನ ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿರಬೇಕು. ಶುರುಮಾಡಿದ ಮೇಲೂ ಜೀವನಪೂರ್ತಿಯಲ್ಲ. ಗುಳಿಗೆಯಾದರೆ ಐದು ವರ್ಷ, ವಾರ್ಷಿಕ ಸೂಜಿಯಾದರೆ ಮೂರು ವರ್ಷದ ನಂತರ ಮುಂದುವರಿಸಬೇಕೇ ಎಂದು ಡಾಕ್ಟರು ಮತ್ತೆ ನೋಡಬೇಕು. ಬಹುಕಾಲ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ತೊಡೆಯೆಲುಬು ತಾನಾಗಿ ಬಿರುಕುಬಿಡುವುದುಂಟು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಈ ಔಷಧದ ಹೆಸರು ಹೇಳಬೇಕು. ಅನಗತ್ಯ ಔಷಧ ಬಿಟ್ಟಾಗ ಉಳಿಯುವಷ್ಟು ಹಣ ಯಾವ ಜೆನೆರಿಕ್ಕಿನಿಂದಲೂ ಉಳಿಯುವುದಿಲ್ಲ.

ಇನ್ನು ಸರಕಾರಗಳ ವಿಷಯ. ಔಷಧದ ಮೂಲ ಹೆಸರನ್ನೇ ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರಿಗೆ 2016ರಲ್ಲೇ ಭಾರತೀಯ ವೈದ್ಯಕೀಯ ಪರಿಷತ್ತು ಹೇಳಿತ್ತು. 2023ರ ಆಗಸ್ಟ್ ಮೊದಲ ವಾರ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನೇ ಬಿಗಿಮಾಡಿ ಹೊಸ ನಿಯಮ ತಂದಿತು. ವೈದ್ಯರ ಸಂಘಗಳು ಎದ್ದು ನಿಂತವು. ತಿಂಗಳು ಮುಗಿಯುವ ಮೊದಲೇ ಆಯೋಗ ಅದನ್ನು ತಡೆಹಿಡಿಯಿತು. ಗುಣಮಟ್ಟ ಮೊದಲು ಖಾತ್ರಿಯಾಗಲಿ ಎಂಬ ವೈದ್ಯರ ವಾದದಲ್ಲಿ ಹುರುಳಿದೆ. ಆದರೆ ಈಗ ಅವರು ಬರೆಯುತ್ತಿರುವ ಬ್ರ್ಯಾಂಡುಗಳ ಗುಣಮಟ್ಟ ಅವರಿಗೆ ಖಾತ್ರಿಯಾದದ್ದು ಹೇಗೆ ಎಂಬುದಕ್ಕೆ ಉತ್ತರ ಬಂದಿಲ್ಲ. ರಾಜ್ಯದ್ದು ಇನ್ನೊಂದು ಬಗೆ. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ ಸಿಗಬೇಕು, ಅಲ್ಲಿ ಮಾರಾಟದ ಅಂಗಡಿ ಏಕೆ ಎಂದು 2025ರ ಮೇ ತಿಂಗಳಲ್ಲಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶ ಹೊರಟಿತು. ನಡೆಸುವವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಜುಲೈನಲ್ಲಿ ತಡೆ ತಂದರು. ಪುಕ್ಕಟೆ ಕೊಡುವುದೇ ಸರಿ, ತತ್ವದಲ್ಲಿ ನನ್ನ ತಕರಾರಿಲ್ಲ. ಆದರೆ ಒಳಗಿನ ಕಿಟಕಿಯಲ್ಲಿ ‘ಸ್ಟಾಕ್ ಇಲ್ಲ’ ಎಂದವರು ಹೊರಗಿನ ಅಗ್ಗದ ಅಂಗಡಿಯನ್ನೂ ಎಬ್ಬಿಸಿದರೆ ಖಾನಾಪುರದ ಬಸ್ಸು ಕಾಯುವ ಮುದುಕಿ ಎಲ್ಲಿಗೆ ಹೋಗಬೇಕು?

ಪೀರನವಾಡಿ, ಮಚ್ಛೆ, ಉದ್ಯಮಬಾಗದ ಕಾರ್ಖಾನೆಗಳಲ್ಲಿ ದುಡಿಯುವವರ ಮನೆಗಳಿಗೆ ಇನ್ನೊಂದು ಬಾಗಿಲಿದೆ, ಬಹಳ ಮಂದಿ ತಟ್ಟುವುದಿಲ್ಲ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದು ಪಗಾರದಿಂದ ಇಎಸ್‌ಐ ಎಂಬ ಕಾರ್ಮಿಕರ ವಿಮೆಯ ಕಂತು ಕಡಿತವಾಗುತ್ತಿದ್ದರೆ, ತಮ್ಮನ್ನೇ ನೆಚ್ಚಿಕೊಂಡ ತಾಯಿತಂದೆಗೂ ಆ ಸೌಲಭ್ಯ ಸಲ್ಲುತ್ತದೆ. ತಾಯಿಯ ಹೆಸರು ಕಾರ್ಡಿನಲ್ಲಿ ಸೇರಿದೆಯೇ ಎಂದು ಕಂಪನಿಯ ಆಫೀಸಿನಲ್ಲಿ ಕೇಳಿ ನೋಡಬೇಕು. ಇಎಸ್‌ಐ ಇಲ್ಲದವರು ಮುಂದಿನ ಸಲ ಡಾಕ್ಟರ ಬಳಿ ಹೋದಾಗ ‘ಅಲೆಂಡ್ರೊನೇಟ್ 70’ ಎಂದು ಔಷಧದ ಹೆಸರನ್ನೇ ಬರೆಸಿಕೊಳ್ಳಲಿ. ಅಂಗಡಿಯವನ ಕೈ ಆಗ ಕಟ್ಟಿರುವುದಿಲ್ಲ. ಜನೌಷಧಿಯ ‘ಸುಗಮ್’ ಆ್ಯಪಿನಲ್ಲಿ ಔಷಧದ ಹೆಸರು ಹಾಕಿದರೆ ಬೆಲೆಯೂ ಹತ್ತಿರದ ಕೇಂದ್ರವೂ ಬರುತ್ತವೆ. ಪಟ್ಟಿಯಲ್ಲಿದ್ದದ್ದೆಲ್ಲ ಕಪಾಟಿನಲ್ಲಿ ಇರುವುದಿಲ್ಲ, ಆದ್ದರಿಂದ ಬಸ್ಸು ಹತ್ತುವ ಮೊದಲು ಒಂದು ಫೋನು ಮಾಡಿಕೊಳ್ಳಿ.